ಆಶ್ಲೇಷ ಮಳೆಯಲ್ಲಿ ಮಾರ್ಷ್‌ಮೆಲ್ಲೊ ಫಾಂಡೆಂಟ್

ಆಗಸ್ಟ್ 12ರಂದು ಅಪ್ಪನಿಗೆ 70 ವರ್ಷ ತುಂಬಿತು. ಆಲ್ದೂರಿನ ಕಡೆಯ ಕಾಫಿ ತೋಟಗಳಲ್ಲಿ ರೈಟರ್ (ತೋಟದ ಗುಮಾಸ್ತ) ಆಗಿ ಆಯುಷ್ಯ ಸವೆಸಿದ ಅಜ್ಜನಿಗೆ ಪೇಟೆಯ ಕ್ರೀಮ್ ಕೇಕ್ ಬೇಡ, ಮೇಲೆ ಕಾಫಿ ರೆಂಬೆಯಿರುವ ಕೇಕನ್ನು ನಾವೇ ಮಾಡೋಣ ಎಂದು ಏಳನೆಯ ತರಗತಿಯ ನನ್ನ ಮಗಳು ಹಟ ಹಿಡಿದಳು. ಜುಲೈ 28ರಂದು ಚಿಕ್ಕಮಗಳೂರಿನ ನಮ್ಮ ಬಾಡಿಗೆ ಮನೆಯ ಅಡುಗೆಮನೆಯಲ್ಲಿ ಹುಮ್ಮಸ್ಸಿನಿಂದ ಶುರುವಾದ ಈ ಕೆಲಸ ಮುಗಿಯಲು ಸರಿಯಾಗಿ 16 ದಿನ ಹಿಡಿಯಿತು. ಅದರಲ್ಲಿ ಕೇಕ್ ಬೆಂದದ್ದು 50 ನಿಮಿಷ. ಮಿಕ್ಕ ಹೊತ್ತೆಲ್ಲ ಪಾರ್ಸೆಲ್ಲಿಗೆ, ಕರೆಂಟಿಗೆ, ಸಕ್ಕರೆ ಒಣಗುವುದಕ್ಕೆ ಕಾಯುವುದರಲ್ಲೇ ಕಳೆಯಿತು. ಮಲೆನಾಡಿನ ಮಳೆಗಾಲದಲ್ಲಿ ಇದೇ ಸಾಹಸಕ್ಕೆ ಇಳಿಯುವವರಿಗೆ ನನ್ನ ತಪ್ಪುಗಳಾದರೂ ಉಪಯೋಗಕ್ಕೆ ಬರಲಿ ಎಂದು, ಎಲ್ಲವೂ ನೆನಪಿನಲ್ಲಿರುವಾಗಲೇ ಬರೆದಿಡುತ್ತಿದ್ದೇನೆ.

ಫಾಂಡೆಂಟ್ ಎಂದರೆ ಸಕ್ಕರೆಯ ಕಣಕ. ಹೋಳಿಗೆಯ ಕಣಕದಂತೆಯೇ ಅದನ್ನು ನಾದಿ, ನೆನೆಯಲು ಬಿಟ್ಟು, ಲಟ್ಟಿಸಿ, ಹೂರಣದ ಬದಲು ಇಡೀ ಕೇಕಿಗೆ ಹೊದಿಸುತ್ತಾರೆ. ಸಿದ್ಧವಾದ ಫಾಂಡೆಂಟ್ ಪೇಟೆಯಲ್ಲಿ ಸಿಗುತ್ತದೆಯಾದರೂ, ಹತ್ತಿಯಂತೆ ಮೆತ್ತಗಿನ ಸಕ್ಕರೆ ಮಿಠಾಯಿಯಾದ ಮಾರ್ಷ್‌ಮೆಲ್ಲೊವನ್ನು ಕರಗಿಸಿ ಮನೆಯಲ್ಲೇ ಮಾಡಿದ್ದು ಬಾಯಿಗೆ ಹೆಚ್ಚು ಹಿತವೆಂದು ಓದಿದ್ದೆ. ಲೆಕ್ಕ ಸುಲಭ: ಒಂದು ಪಾಲು ಮಾರ್ಷ್‌ಮೆಲ್ಲೊ, ಅದರ ಎರಡರಷ್ಟು ತೂಕದ ಐಸಿಂಗ್ ಶುಗರ್ (ಅಂಗಡಿಯಲ್ಲಿ ಸಿಗುವ ಅತಿ ನುಣುಪಾದ ಸಕ್ಕರೆಪುಡಿ), ಒಂದೆರಡು ಚಮಚ ನೀರು, ಕೈಗೂ ಪಾತ್ರೆಗೂ ಸವರಿಕೊಳ್ಳಲು ವನಸ್ಪತಿ. ನಮ್ಮದು 8 ಇಂಚು ಅಗಲ, 4 ಇಂಚು ಎತ್ತರದ ಕೇಕು. ಮೇಲ್ಭಾಗದ 8 ಇಂಚಿಗೆ ಎರಡೂ ಬದಿಯ ಎತ್ತರ ಸೇರಿದರೆ 16 ಇಂಚಾಗುತ್ತದೆ. ಅಂಚು ಕತ್ತರಿಸಲು ಇನ್ನೊಂದಿಷ್ಟು ಬೇಕು. ಅಷ್ಟು ದೊಡ್ಡ ಹಾಳೆಯನ್ನು 4 ಮಿಲಿಮೀಟರ್ ದಪ್ಪಕ್ಕೆ ಲಟ್ಟಿಸಲು ಸುಮಾರು 900 ಗ್ರಾಂ ಫಾಂಡೆಂಟ್ ಬೇಕೆಂದು ಲೆಕ್ಕ ಹಾಕಿಕೊಂಡೆ. ಕೇಕಿನ ಬೋರ್ಡು ಕೊಳ್ಳಲು ಹೋದಾಗ ಬೇಕರಿಯವರು, "ಮಳೆ ಕಳೆಯಲಿ ಮೇಡಂ, ಈಗ ಫಾಂಡೆಂಟ್ ಬೆವರುತ್ತೆ, ನಾವೇ ಆರ್ಡರ್ ತಗೊಳ್ಳೋದಿಲ್ಲ" ಎಂದಿದ್ದರು. ಆ ಮಾತನ್ನು ನಾನು ಕಿವಿಯ ಮೇಲೆ ಹಾಕಿಕೊಳ್ಳಲಿಲ್ಲ.

ಮಾರ್ಷ್‌ಮೆಲ್ಲೊವನ್ನು ಆನ್‌ಲೈನಿನಲ್ಲಿ ತರಿಸಿದೆ. ಘಟ್ಟದ ಮಳೆಯಿಂದ ಎರಡು ದಿನ ತಡವಾಗಿ ಆಗಸ್ಟ್ 2ರಂದು ಪಾರ್ಸೆಲ್ ಬಂದಾಗ, ಮಗಳು ಪ್ಯಾಕೆಟ್ಟನ್ನು ತಿರುಗಿಸಿ ನೋಡಿ, "ಅಮ್ಮಾ, ಇದರ ಮೇಲೆ ಕಂದು ತ್ರಿಕೋನ ಇದೆ" ಎಂದಳು. ಅದು ಮಾಂಸಾಹಾರದ ಗುರುತು. ನಾನು ಕೊಳ್ಳುವಾಗ ಮುಂಭಾಗದ ಚಿತ್ರವನ್ನಷ್ಟೇ ನೋಡಿದ್ದೆ. ಮಾರ್ಷ್‌ಮೆಲ್ಲೊ ಸಾಮಾನ್ಯವಾಗಿ ಜೆಲಾಟಿನ್‌ನಿಂದ ಆಗುವಂಥದ್ದು. ಜೆಲಾಟಿನ್ ಬರುವುದು ಪ್ರಾಣಿಗಳ ಚರ್ಮ ಮತ್ತು ಮೂಳೆಗಳಿಂದ. ಅಪ್ಪ ಅಮ್ಮ ಇಬ್ಬರೂ ಶುದ್ಧ ಸಸ್ಯಾಹಾರಿಗಳು. ಕೇಕಿಗೆ ಮೊಟ್ಟೆ ಹಾಕಬಾರದೆಂದು ಮೊದಲ ದಿನದಿಂದ ಜಪಿಸುತ್ತಿದ್ದ ನನಗೆ ಹೊದಿಕೆಯ ವಿಷಯ ಹೊಳೆದೇ ಇರಲಿಲ್ಲ. ಹೇಳದೆ ತಿನ್ನಿಸಿಬಿಡಬಹುದಿತ್ತು ಎಂದು ಆಮೇಲೆ ಒಬ್ಬರು ಹೇಳಿದರು. ಹಾಗೆ ಮಾಡಿದ್ದರೆ ಆ ದಿನ ಅಪ್ಪನ ಮುಖ ನೋಡುವುದು ನನ್ನಿಂದ ಆಗುತ್ತಿರಲಿಲ್ಲ. ತಿನ್ನುವ ಪದಾರ್ಥವಾದ್ದರಿಂದ ವಾಪಸ್ ತೆಗೆದುಕೊಳ್ಳುವುದಿಲ್ಲ ಎಂಬ ಉತ್ತರ ಬಂತು; 480 ರೂಪಾಯಿ ಅಲ್ಲಿಗೆ ಹೋಯಿತು. ಹೀಗಾಗಿ ಮೊದಲ ಕಿವಿಮಾತು: ಹಸಿರು ಚೌಕದೊಳಗೆ ಹಸಿರು ಚುಕ್ಕೆ ಇದೆಯೇ ಎಂದು ನೋಡಿ, ಪದಾರ್ಥಗಳ ಪಟ್ಟಿಯನ್ನು ಓದಿ, ಆಮೇಲೆ ದುಡ್ಡು ಕೊಡಿ. ಪಟ್ಟಿಯ ಫೋಟೋ ಹಾಕದ ಮಾರಾಟಗಾರರಿಂದ ಕೊಳ್ಳಲೇಬೇಡಿ.

ಅದೇ ರಾತ್ರಿ ಸಸ್ಯಾಹಾರಿ ಮಾರ್ಷ್‌ಮೆಲ್ಲೊವಿನ 250 ಗ್ರಾಮಿನ ಮೂರು ಪ್ಯಾಕೆಟ್‌ಗಳಿಗೆ 690 ರೂಪಾಯಿ ಕಟ್ಟಿದೆ. ಅದು ಬರುವ ತನಕ ಕೈಕಟ್ಟಿ ಕೂರುವುದೇಕೆಂದು, ಹಳೆಯ ಪಾತ್ರೆಯೊಂದನ್ನು ಬೇರೆ ಇಟ್ಟುಕೊಂಡು, ಜೆಲಾಟಿನ್ ಪ್ಯಾಕೆಟ್ಟೊಂದರಲ್ಲಿ 150 ಗ್ರಾಂ ತೆಗೆದು ಅಭ್ಯಾಸಕ್ಕೆ ಕೂತೆ. ಕುದಿಯುವ ನೀರಿನ ಮೇಲೆ ಪಾತ್ರೆಯಿಟ್ಟು ಒಂದು ಚಮಚ ನೀರು ಹಾಕಿದ್ದೇ ತಡ, ಐದೇ ನಿಮಿಷದಲ್ಲಿ ಹಲಸಿನ ಮೇಣದಂತೆ ಎಳೆ ಎಳೆಯಾಗಿ ಕರಗಿತು. ಜರಡಿ ಹಿಡಿದ ಐಸಿಂಗ್ ಶುಗರನ್ನು ಸ್ವಲ್ಪ ಸ್ವಲ್ಪವಾಗಿ ಸೇರಿಸಿ, ಮೊಣಕೈವರೆಗೂ ವನಸ್ಪತಿ ಬಳಿದುಕೊಂಡು ಹತ್ತು ನಿಮಿಷ ನಾದಿದಾಗ, ಬೆರಳಿಗಂಟದ ನುಣುಪಾದ ಮುದ್ದೆಯಾಯಿತು. ಇಷ್ಟೇನಾ ಎನಿಸಿತು. ಆ ಮುದ್ದೆಯನ್ನೂ ಉಳಿದ ಪ್ಯಾಕೆಟ್ಟನ್ನೂ ಪಕ್ಕದ ಮನೆಯ ಮಕ್ಕಳಿಗೆ, ಅವರ ತಾಯಿಯನ್ನು ಕೇಳಿಯೇ ಕೊಟ್ಟೆ.

ಎರಡನೆಯ ಪಾರ್ಸೆಲ್ ಬಂದದ್ದು ಆಗಸ್ಟ್ 8ರ ಸಂಜೆ. ಆಶ್ಲೇಷ ಮಳೆ ಅಂದು ಬೆಳಗಿನಿಂದ ಬಿಟ್ಟಿರಲಿಲ್ಲ. ರಾತ್ರಿ ಎಂಟಕ್ಕೆ 300 ಗ್ರಾಂ ತೂಗಿ ಒಲೆಯ ಮೇಲಿಟ್ಟೆ. ಐದು ನಿಮಿಷವಾಯಿತು, ಹತ್ತಾಯಿತು, ಇಪ್ಪತ್ತಾಯಿತು. ಒಳಗಿನ ಗಂಟುಗಳು ಸರಿಯಾಗಿ ಬೇಯದ ಸಬ್ಬಕ್ಕಿಯ ಹಾಗೆ ಹಾಗೆಯೇ ಉಳಿದಿದ್ದವು. ಕಾರಣ ಪಟ್ಟಿಯಲ್ಲೇ ಇತ್ತು. ಜೆಲಾಟಿನ್ ನಮ್ಮ ಮೈಬಿಸಿಯ ಆಸುಪಾಸಿನಲ್ಲೇ, ಅಂದರೆ ಸುಮಾರು 35 ಡಿಗ್ರಿಗೆ ಕರಗುತ್ತದೆ. ನಾನು ತರಿಸಿದ್ದರಲ್ಲಿ ಅದರ ಬದಲು ಕಡಲ ಪಾಚಿಯಿಂದ ತೆಗೆದ ಅಗರ್ ಇತ್ತು. ಅಗರ್ ಕರಗಲು ಸುಮಾರು 85 ಡಿಗ್ರಿ ಬೇಕು; ಆರುತ್ತಾ ಬಂದು 40 ಡಿಗ್ರಿಯ ಹತ್ತಿರ ಬಂದರೆ ಮತ್ತೆ ಗಟ್ಟಿಯಾಗುತ್ತದೆ. ಐದೇ ನಿಮಿಷದಲ್ಲಿ ಕರಗುತ್ತದೆಂಬ ಹಿಂದಿನ ಪಾಠ ಇಲ್ಲಿ ತಿರುಗುಮುರುಗು.

ಇದೆಲ್ಲ ಆಗ ತಿಳಿದಿರಲಿಲ್ಲ. ಗಂಟುಗಳಿದ್ದರೂ ನಾದಿದರೆ ಸರಿಹೋದೀತು ಎಂದು ಸಕ್ಕರೆ ಸುರಿದೆ. ಅಂಟು ಬಿಡಲಿಲ್ಲ, ಮತ್ತೆ ಸುರಿದೆ. ಐಸಿಂಗ್ ಶುಗರ್ ತೀರಿತು. ಹೊರಗೆ ಜಡಿಮಳೆ, ಅಂಗಡಿ ಮುಚ್ಚುವ ಹೊತ್ತು. ಮನೆಯ ಸಕ್ಕರೆಯನ್ನೇ ಮಿಕ್ಸಿಯಲ್ಲಿ ಪುಡಿ ಮಾಡಿ ಹಾಕಿದೆ, ಅಷ್ಟರಲ್ಲಿ ಕರೆಂಟೂ ಹೋಯಿತು. ಟಾರ್ಚಿನ ಬೆಳಕಿನಲ್ಲಿ ಆ ಮುದ್ದೆಯನ್ನು ಹಿಡಿದು ಎಳೆದರೆ ಒಣಗಿದ ಜೇಡಿಮಣ್ಣಿನಂತೆ ಬಿರಿದು ತುಂಡಾಯಿತು. ಬೆರಳಿಗೆ ಸಕ್ಕರೆಯ ಹರಳು ರವೆಯಂತೆ ಸಿಕ್ಕಿತು. ಎಷ್ಟೇ ನುಣ್ಣಗೆ ಬೀಸಿದರೂ ಮಿಕ್ಸಿಯ ಸಕ್ಕರೆಪುಡಿ ಫಾಂಡೆಂಟಿಗೆ ಆಗುವುದಿಲ್ಲ. ಹರಳು ಉಳಿದಲ್ಲೆಲ್ಲ ಹಾಳೆ ಹರಿಯುತ್ತದೆ. ಸುಮಾರು ಒಂದು ಕಿಲೋ ಸಕ್ಕರೆಮಣ್ಣನ್ನು ಮುಂದಿಟ್ಟುಕೊಂಡು ನೆಲದ ಮೇಲೆ ಕುಳಿತಾಗ, ಹುಟ್ಟುಹಬ್ಬಕ್ಕೆ ಹೆಸರುಬೇಳೆ ಪಾಯಸ ಸಾಕು ಎಂದು ಮಗಳಿಗೆ ಹೇಳಿಬಿಟ್ಟೆ. ಅವಳು ಏನೂ ಹೇಳದೆ ಎದ್ದುಹೋಗಿ ಮಲಗಿದಳು. ಅವಳು ವಾದಿಸಿದ್ದರೆ ನಿಜವಾಗಿಯೂ ಕೈಬಿಡುತ್ತಿದ್ದೆನೋ ಏನೋ.

ಮಾರನೆಯ ಬೆಳಿಗ್ಗೆ ಅಮ್ಮನಿಗೆ ಫೋನ್ ಮಾಡಿದೆ. ಫಾಂಡೆಂಟ್ ಎಂಬ ಹೆಸರನ್ನೇ ಕೇಳಿರದ ಅಮ್ಮ ಎಲ್ಲವನ್ನೂ ಕೇಳಿಸಿಕೊಂಡು, "ಕಣಕ ಬಿರಿದ್ರೆ ನಾವು ಮತ್ತೆ ಹಿಟ್ಟು ಹಾಕ್ತೀವಾ ಪುಟ್ಟೀ? ಎಣ್ಣೆ ಹಾಕಿ ನೆನೆಯೋಕೆ ಬಿಡ್ತೀವಿ. ನಿಂಗೆ ಅವಸರ ಜಾಸ್ತಿ" ಎಂದರು. ಮುಂದಿನ ಸಲ ಕೈಹಿಡಿದದ್ದು ಆ ಮಾತು.

ಆಗಸ್ಟ್ 9ರ ಮಧ್ಯಾಹ್ನ ಮತ್ತೆ 300 ಗ್ರಾಂ ಮಾರ್ಷ್‌ಮೆಲ್ಲೊವನ್ನು ಕತ್ತರಿಯಿಂದ ಕಡಲೆಕಾಳಿನಷ್ಟು ಸಣ್ಣಗೆ ಕತ್ತರಿಸಿದೆ. ಎರಡು ದೊಡ್ಡ ಚಮಚ ನೀರಿನ ಜೊತೆ ಒಂದು ದೊಡ್ಡ ಚಮಚ ಲಿಕ್ವಿಡ್ ಗ್ಲೂಕೋಸ್ ಸೇರಿಸಿ, ಕೆಳಗಿನ ನೀರು ಚೆನ್ನಾಗಿ ಕುದಿಯುತ್ತಿರುವಾಗ ಮುಚ್ಚಳ ಹಾಕಿ ಇಟ್ಟು, ಎರಡೆರಡು ನಿಮಿಷಕ್ಕೊಮ್ಮೆ ತಿರುವಿದೆ. ಇಪ್ಪತ್ತೈದನೆಯ ನಿಮಿಷದಲ್ಲಿ ಗಂಟೆಲ್ಲ ಒಡೆದು ಬಿಳಿಯ ಗಂಜಿಯಂತಾಯಿತು. ಗ್ಲೂಕೋಸ್ ಸಕ್ಕರೆ ಮತ್ತೆ ಹರಳುಗಟ್ಟದಂತೆ ತಡೆಯುತ್ತದೆ, ಮುದ್ದೆಗೆ ಮೆತುತನವನ್ನೂ ಕೊಡುತ್ತದೆ. 600 ಗ್ರಾಂ ಐಸಿಂಗ್ ಶುಗರಿನಲ್ಲಿ 100 ಗ್ರಾಂ ಕೈಯಲ್ಲಿ ಉಳಿಸಿಕೊಂಡು, ಮಿಕ್ಕಿದ್ದನ್ನು ಬಿಸಿಯಿರುವಾಗಲೇ ಬೇಗಬೇಗ ಕಲಸಿದೆ. ಮುದ್ದೆ ಇನ್ನೂ ಸ್ವಲ್ಪ ಅಂಟುತ್ತಿದ್ದರೂ ಈ ಬಾರಿ ಸಕ್ಕರೆಯ ತಂಟೆಗೆ ಹೋಗದೆ, ಮೇಲೆಲ್ಲ ವನಸ್ಪತಿ ಸವರಿ, ಪ್ಲಾಸ್ಟಿಕ್ ಹಾಳೆಯಲ್ಲಿ ಎರಡು ಸುತ್ತು ಸುತ್ತಿ, ಗಾಳಿಯಾಡದ ಡಬ್ಬಿಯಲ್ಲಿ ರಾತ್ರಿಯಿಡೀ ಬಿಟ್ಟೆ. ಬೆಳಿಗ್ಗೆ ಅದು ಕಿವಿಯ ಹಾಲೆಯಷ್ಟು ಮೃದುವಾಗಿತ್ತು. ಜೆಲಾಟಿನ್ ಮುದ್ದೆಯಷ್ಟು ಉದ್ದಕ್ಕೆ ಎಳೆಯಲು ಬರಲಿಲ್ಲ, ಆದರೆ ಬಿರಿಯಲೂ ಇಲ್ಲ.

ಉಳಿದ 150 ಗ್ರಾಂ ಮಾರ್ಷ್‌ಮೆಲ್ಲೊದಲ್ಲಿ ಅಲಂಕಾರಕ್ಕೆ ಬೇಕಾದ ಮುದ್ದೆ ಮಾಡಿಕೊಂಡೆ. ಇದಕ್ಕೆ ಸಿ.ಎಂ.ಸಿ. ಎಂಬ, ಮುದ್ದೆಯನ್ನು ಗಟ್ಟಿ ಮಾಡುವ ಪುಡಿ ಬೆರೆಸಬೇಕು, 250 ಗ್ರಾಮಿಗೆ ಅರ್ಧ ಚಮಚ ಹಾಕಿದರೆ ಎಲೆಗಳು ಸೊರಗದೆ ಗಟ್ಟಿಯಾಗಿ ನಿಲ್ಲುತ್ತವೆ. ಬಣ್ಣ ಜೆಲ್ ರೂಪದ್ದೇ ಆಗಬೇಕು. ನೀರಿನಂಥ ಬಣ್ಣ ಹಾಕಿದರೆ ಮುದ್ದೆ ಕರಗಿ ಅಂಟಾಗುತ್ತದೆ. ಹಸಿರಿಗೆ ಚೂರು ಕಂದು ಸೇರಿಸಿದಾಗ ಕಾಫಿ ಎಲೆಯ ಗಾಢ ಹಸಿರು ಸಿಕ್ಕಿತು. ಕೆಂಪು ಮಾತ್ರ ಸತಾಯಿಸಿತು. ಎಷ್ಟು ಹಾಕಿದರೂ ಗುಲಾಬಿಯೇ. ಹಟಕ್ಕೆ ಬಿದ್ದು ಹಾಕುತ್ತಲೇ ಹೋದೆ. ಬೆಳಗಾಗುವುದರೊಳಗೆ ಅದು ತಾನಾಗಿಯೇ ರಕ್ತಗೆಂಪಿಗೆ ತಿರುಗಿತ್ತು, ನಾಲಿಗೆಗೆ ತಾಗಿಸಿದರೆ ಕಹಿ. ಕೆಂಪಿಗೆ ಅರ್ಧದಷ್ಟೇ ಬಣ್ಣ ಹಾಕಿ ಒಂದು ರಾತ್ರಿ ಕಾಯುವುದು ಜಾಣತನ.

ಎಲೆಯ ಮಾದರಿಗೆಂದು, ಶಾಲೆಯ ಪ್ರಾಜೆಕ್ಟಿನ ನೆಪ ಹೇಳಿ, ಅಪ್ಪನಿಂದಲೇ ಒಂದು ಕಾಫಿ ರೆಂಬೆಯನ್ನು ಬೆಳಗಿನ ಬಸ್ಸಿನಲ್ಲಿ ತರಿಸಿಕೊಂಡಿದ್ದೆವು. ನಿಜವಾದ ಎಲೆಯನ್ನೇ ಫಾಂಡೆಂಟಿನ ಮೇಲೆ ಒತ್ತಿದರೆ ನರಗಳು ಅಚ್ಚಾಗುತ್ತವೆ ಎಂಬುದು ಮಗಳ ಉಪಾಯ. ಅಷ್ಟರಲ್ಲಿ ಅಪ್ಪನ ಫೋನ್ ಬಂತು: "ಮಳೆಗೆ ಮುಂಚೆ ಬೋರ್ಡೋ ಹೊಡೆಸಿದ ಗಿಡ ಅದು. ಮುಟ್ಟಿದ ಮೇಲೆ ಮಗೂಗೆ ಕೈ ತೊಳೆಯೋಕೆ ಹೇಳು." ಎಲೆ ತುಕ್ಕುರೋಗ ಬಾರದಂತೆ ಮೈಲುತುತ್ತ ಮತ್ತು ಸುಣ್ಣದ ಆ ದ್ರಾವಣವನ್ನು ತೋಟದಲ್ಲೆಲ್ಲ ಸಿಂಪಡಿಸುತ್ತಾರೆ; ತೋಟದ ಊರಲ್ಲಿ ಹುಟ್ಟಿದ ನಾನೇ ಇದನ್ನು ಮರೆತಿದ್ದೆ. ಕೇಕಿನ ಮೇಲೆ ನಿಜವಾದ ಎಲೆ ಹೂಗಳನ್ನು ಇಡುವ ಹವ್ಯಾಸವಿರುವವರು ಒಮ್ಮೆ ಇದನ್ನು ಯೋಚಿಸಬೇಕು. ರೆಂಬೆಯನ್ನು ಪ್ಲಾಸ್ಟಿಕ್ ಕವರಿನಲ್ಲಿಟ್ಟು ದೂರದಿಂದ ನೋಡುತ್ತಾ, ಕಾಗದದಲ್ಲಿ ಆಕಾರ ಕತ್ತರಿಸಿಕೊಂಡು, ಚಾಕುವಿನ ಬೆನ್ನಿನಿಂದ ನಡುನರವನ್ನೂ ಅಡ್ಡನರಗಳನ್ನೂ ಗೀರಿದೆವು. ಕಾಫಿ ಎಲೆಗಳು ಎದುರುಬದುರಾಗಿ ಜೋಡಿಜೋಡಿಯಾಗಿ ಬರುತ್ತವೆ, ಅಂಚು ಅಲೆಅಲೆಯಾಗಿರುತ್ತದೆ, ತುದಿ ಚೂಪಾಗಿ ಇಳಿದಿರುತ್ತದೆ. ಹಣ್ಣುಗಳು ಆ ಜೋಡಿಯ ಕಂಕುಳಲ್ಲಿ ಗೊಂಚಲಾಗಿ ಕೂರುತ್ತವೆ. ಪ್ರತಿ ಹಣ್ಣಿನ ಮೂತಿಯಲ್ಲಿ ಹೂ ಉದುರಿದ ಜಾಗದ ಸಣ್ಣ ಬಿಲ್ಲೆಯಿರುತ್ತದೆ. ಖಾಲಿ ರೀಫಿಲ್ಲಿನ ತುದಿಯನ್ನು ತೊಳೆದು ಒತ್ತಿದಾಗ ಆ ಬಿಲ್ಲೆ ಥೇಟ್ ಮೂಡಿತು.

ಬಾಬಾ ಬುಡನ್ ಯೆಮೆನ್‌ನಿಂದ ಏಳು ಬೀಜ ತಂದು ನಮ್ಮ ಗಿರಿಯಲ್ಲಿ ಬಿತ್ತಿದರೆಂಬ ಕಥೆ ಇಲ್ಲಿನ ಪ್ರತಿ ಮಗುವಿಗೂ ಗೊತ್ತು. 70ಕ್ಕೂ ಅದು ಹೊಂದುತ್ತದೆಂದು ಏಳೇ ಹಣ್ಣು ಮಾಡಿದೆವು. ಬಿಳಿ ಹೂಗಳೂ ಇರಲಿ ಎಂದ ಮಗಳಿಗೆ, ಹೂ ಅರಳುವುದು ಮಾರ್ಚ್, ಏಪ್ರಿಲ್‌ನ ಹೂಮಳೆಗೆ, ಹೂವಿನ ಪಕ್ಕ ಹಣ್ಣು ಇಟ್ಟರೆ ಅಜ್ಜ ನಗುತ್ತಾರೆ ಎಂದು ಜಂಬದಿಂದ ಪಾಠ ಹೇಳಿದೆ.

ಬಿಸಿಲಿಲ್ಲದ ಊರಿನಲ್ಲಿ ಈ ಎಲೆಗಳನ್ನು ಒಣಗಿಸುವುದು ಹೇಗೆ? ಮೇಜಿನ ಮೇಲೆ ಬಿಟ್ಟ ಮೊದಲ ಎರಡು ಎಲೆ ಆರು ಗಂಟೆ ಕಳೆದರೂ ಬೆರಳಿಗೆ ಅಂಟುತ್ತಿದ್ದವು. ಸಕ್ಕರೆ ಗಾಳಿಯ ತೇವವನ್ನು ಹೀರಿಕೊಳ್ಳುವ ವಸ್ತು. ಮಳೆಗಾಲದಲ್ಲಿ ತೆರೆದಿಟ್ಟಷ್ಟೂ ಅದು ಹಸಿಯಾಗುತ್ತದೆ. ಕೊನೆಗೆ ಬಿಸ್ಕತ್ ಡಬ್ಬಿಯ ತಳಕ್ಕೆ ಶೂ, ಬ್ಯಾಗುಗಳ ಜೊತೆ ಬರುವ ಸಿಲಿಕಾ ಜೆಲ್ ಪೊಟ್ಟಣಗಳನ್ನು ಹರಡಿ, ಮೇಲೆ ತಂತಿಜಾಲರಿ ಮತ್ತು ಬೆಣ್ಣೆ ಕಾಗದ ಹಾಸಿ, ಪೊಟ್ಟಣ ತಾಗದಂತೆ ಎಲೆಗಳನ್ನು ಜೋಡಿಸಿ ಮುಚ್ಚಿಟ್ಟೆ. ಮರುದಿನಕ್ಕೆ ಅವು ಹಪ್ಪಳದಂತೆ ಟಣ್ಣೆನ್ನುತ್ತಿದ್ದವು.

ಕೇಕಿನ ವಿಷಯದಲ್ಲಿ ಹೆಚ್ಚು ಹೇಳುವುದಿಲ್ಲ. ಮೊಸರು, ಅಡುಗೆ ಸೋಡಾ ಹಾಕಿದ ಮೊಟ್ಟೆಯಿಲ್ಲದ ಚಾಕೊಲೇಟ್ ಕೇಕು. ಬಹಳ ಹಗುರವಾದ ಸ್ಪಂಜು ಫಾಂಡೆಂಟಿನ ಭಾರಕ್ಕೆ ಕುಸಿಯುವುದರಿಂದ ಸ್ವಲ್ಪ ಗಟ್ಟಿಯಾಗುವ ಕೇಕನ್ನೇ ಆರಿಸಿಕೊಂಡೆ. ಹತ್ತರಂದು ಕರೆಂಟ್ ಇದ್ದ ಹೊತ್ತು ನೋಡಿ ಓ.ಟಿ.ಜಿ.ಯಲ್ಲಿ (ಕರೆಂಟಿನ ಸಣ್ಣ ಓವನ್) ಬೇಯಿಸಿಟ್ಟೆ. ಕೆಳಪದರಕ್ಕೆ ಬರಿಯ ಹಾಲಿನ ಕ್ರೀಮ್ ಖಂಡಿತ ಬೇಡ, ಅದರ ನೀರಿಗೆ ಫಾಂಡೆಂಟ್ ಕರಗುತ್ತದೆ. 400 ಗ್ರಾಂ ಡಾರ್ಕ್ ಚಾಕೊಲೇಟಿಗೆ 200 ಗ್ರಾಂ ಕ್ರೀಮ್ ಕಾಯಿಸಿ ಸುರಿದ ಗನಾಶನ್ನು ಬಳಿದು, ಸ್ಟೀಲ್ ಸ್ಕೇಲಿನಿಂದ ಅಂಚು ಚೌಕ ಮಾಡಿದೆ. ಕೆಳಗಿನ ಉಬ್ಬುತಗ್ಗು ಹೊದಿಕೆಯ ಮೇಲೆ ಹಾಗೆಯೇ ಕಾಣುತ್ತದೆ. ಈ ಹಂತದಲ್ಲಿ ಸೋಮಾರಿತನ ಮಾಡಬಾರದು.

ಹನ್ನೊಂದರ ಸಂಜೆ ಹೊದಿಸುವ ಕೆಲಸ. ಗ್ರಾನೈಟ್ ಕಟ್ಟೆಯನ್ನು ಒರೆಸಿ, ತೆಳುಬಟ್ಟೆಯ ಗಂಟಿನಲ್ಲಿ ಕಾರ್ನ್‌ಫ್ಲೋರ್ ಕಟ್ಟಿ ತಟ್ಟಿಕೊಂಡು, ಚಪಾತಿಯ ಲಟ್ಟಣಿಗೆ ಸಾಲದೆ ಪಕ್ಕದ ಮನೆಯಿಂದ ಉದ್ದನೆಯದನ್ನು ತಂದು, ನಾಲ್ಕೂ ಕಡೆಗೆ ತಿರುಗಿಸುತ್ತಾ ಲಟ್ಟಿಸಿದೆ. ಗನಾಶಿನ ಮೇಲೆ ಸಕ್ಕರೆ ಪಾಕವನ್ನು ತೆಳುವಾಗಿ ಸವರಿ, ಹಾಳೆಯನ್ನು ಲಟ್ಟಣಿಗೆಗೆ ಸುತ್ತಿ ಎತ್ತಿ ಕೇಕಿನ ಮೇಲೆ ಬಿಚ್ಚಿದ ಆ ಕ್ಷಣದಲ್ಲಿ ಉಸಿರು ಹಿಡಿದಿದ್ದೆ. ಬದಿಗಳಲ್ಲಿ ಸೀರೆಯ ನೆರಿಗೆಯಂತೆ ಮಡಿಕೆಗಳು ಬಿದ್ದವು. ಮಡಿಕೆಯನ್ನು ಒತ್ತಿದರೆ ಗೆರೆ ಶಾಶ್ವತ; ಕೆಳಗಿನ ಅಂಚನ್ನು ಹಿಡಿದು ನೆರಿಗೆ ಬಿಡಿಸಿ, ಮೇಲಿನಿಂದ ಕೆಳಕ್ಕೆ ಅಂಗೈಯಿಂದ ನೇವರಿಸಬೇಕು. ಎರಡು ಕಡೆ ಗಾಳಿಗುಳ್ಳೆ ಎದ್ದಿತು, ಸೂಜಿಯಿಂದ ಓರೆಯಾಗಿ ಚುಚ್ಚಿ ಒತ್ತಿದೆ. ಒಂದು ಮೂಲೆಯಲ್ಲಿ ಮಾತ್ರ ಹಾಳೆ ಒಣಗಿ ಆನೆಯ ಚರ್ಮದಂತೆ ಸುಕ್ಕುಗಟ್ಟಿತು. ವನಸ್ಪತಿ ತಿಕ್ಕಿದರೂ ಪೂರ್ತಿ ಹೋಗಲಿಲ್ಲ. ಕಾಫಿ ರೆಂಬೆ ಕೇಕಿನ ನಡುವೆ ಬರದೆ ಆ ಮೂಲೆಯಿಂದ ಇಳಿಬಿದ್ದಿರುವುದನ್ನು ಫೋಟೋದಲ್ಲಿ ನೋಡಿ ಮೆಚ್ಚಿದವರಿಗೆ ನಿಜವಾದ ಕಾರಣ ಇದು.

ರಾತ್ರಿ ಹನ್ನೊಂದಕ್ಕೆ ಸೊಂಟ ಹಿಡಿದುಕೊಂಡು ಮಲಗಿದೆ. ಇರುವೆ ಬರಬಾರದೆಂದು ಇವರು, ಒಳ್ಳೆಯ ಮನಸ್ಸಿನಿಂದಲೇ, ಕೇಕನ್ನು ಎತ್ತಿ ಫ್ರಿಜ್ಜಿನಲ್ಲಿ ಇಟ್ಟುಬಿಟ್ಟಿದ್ದರು. ಬೆಳಿಗ್ಗೆ ಹೊರತೆಗೆದ ಹತ್ತು ನಿಮಿಷಕ್ಕೆ, ಬೇಕರಿಯವರ ಮಾತು ಕಣ್ಣೆದುರು ಬಂದು ನಿಂತಿತು: ಕೇಕಿನ ಮೈತುಂಬ ಬೆವರು, ಹನಿ ಹನಿಯಾಗಿ ಬದಿಯಿಂದ ಇಳಿಯುತ್ತಿತ್ತು. ಒರೆಸಲು ಹೋದ ಮಗಳ ಹೆಬ್ಬೆರಳಿನ ಗುರುತು ಹಿಂಬದಿಯಲ್ಲಿ ಅಚ್ಚೊತ್ತಿತು. ಆಗ ಮಾಡಬೇಕಾದದ್ದು ಒಂದೇ, ಮುಟ್ಟದೆ ಫ್ಯಾನಿನ ಕೆಳಗೆ ಬಿಡುವುದು. ಮೂರು ಗಂಟೆಯಲ್ಲಿ ನೀರು ಆರಿ, ಸ್ವಲ್ಪ ಹೊಳಪು ಉಳಿಯಿತು. ಪುಣ್ಯಕ್ಕೆ ಆ ಮೂರು ಗಂಟೆ ಕರೆಂಟ್ ಹೋಗಲಿಲ್ಲ. ಫ್ರಿಜ್ಜಿನಲ್ಲಿ ಇಡಲೇಬೇಕಾದರೆ ರಟ್ಟಿನ ಡಬ್ಬಿಯಲ್ಲಿ ಮುಚ್ಚಿಟ್ಟು, ಹೊರತೆಗೆದ ಮೇಲೂ ಡಬ್ಬಿಯನ್ನು ತೆರೆಯದೆ ಪೂರ್ತಿ ತಣುಪು ಬಿಡುವವರೆಗೆ ಕಾಯಿರಿ. ಹನಿಗಳು ಡಬ್ಬಿಯ ಮೇಲೆ ಕೂರುತ್ತವೆ. ಇರುವೆಗೆ ನೀರು ತುಂಬಿದ ತಟ್ಟೆಯ ನಡುವೆ ಕೇಕ್ ಇಡುವ ಹಳೆಯ ಉಪಾಯವೇ ಸಾಕಿತ್ತು.

ಮಧ್ಯಾಹ್ನ ಎರಡಕ್ಕೆ ಹೊರಟೆವು. ಸುಮಾರು 20 ಕಿಲೋಮೀಟರ್ ದಾರಿಗೆ ಒಂದು ಗಂಟೆ ಹಿಡಿಯಿತು. ಕಾರಿನ ಸೀಟು ಹಿಂದಕ್ಕೆ ಓರೆಯಿರುವುದರಿಂದ ಕೇಕಿನ ಡಬ್ಬಿಯನ್ನು ನೆಲದ ಮೇಲೆ, ಜಾರದ ರಬ್ಬರ್ ಹಾಸಿನ ಮೇಲೆ ಇಟ್ಟು, ಎ.ಸಿ. ಹಾಕಿದೆವು. ಎಲೆ ಮತ್ತು ಹಣ್ಣಿನ ಡಬ್ಬಿ ಮಗಳ ಮಡಿಲಲ್ಲಿ. ತಿರುವಿನ ಗುಂಡಿಯೊಂದಕ್ಕೆ ಎರಡು ಎಲೆ ಮುರಿದವು. ಬೇಕಾದ ಎಂಟರ ಜೊತೆ ಇನ್ನೂ ನಾಲ್ಕು ಮಾಡಿಟ್ಟದ್ದರಿಂದ ಬಚಾವಾದೆವು. ಊರಿನ ಮನೆಯ ಅಡುಗೆಮನೆಯಲ್ಲಿ ಬಾಗಿಲು ಹಾಕಿಕೊಂಡು, ಕರಗಿಸಿದ ಚಾಕೊಲೇಟಿನಿಂದ ರೆಂಬೆಯನ್ನು ಅಂಟಿಸಿದೆವು. ಹಾಳಾದದ್ದೂ ಸೇರಿ ಒಟ್ಟು ಖರ್ಚು 2,560 ರೂಪಾಯಿ, ಕೇಕಿನ ಹಿಟ್ಟು, ಬೆಣ್ಣೆ ಬಿಟ್ಟು. ಎಚ್ಚರದಿಂದ ಕೊಂಡಿದ್ದರೆ ಸಾವಿರದೆಂಟುನೂರರ ಒಳಗೆ ಮುಗಿಯುತ್ತಿತ್ತು.

ಅಪ್ಪ ಕನ್ನಡಕ ಹಾಕಿಕೊಂಡು ಕೇಕಿನ ಸುತ್ತ ಒಂದು ಬಾರಿ ಬಂದರು. ಜೋಡಿ ಎಲೆಗಳನ್ನು ನೋಡಿ, ಹಣ್ಣಿನ ಮೂತಿಯ ಬಿಲ್ಲೆಯನ್ನು ಬಗ್ಗಿ ನೋಡಿ, ಏಳೆಂದು ಎಣಿಸಿ ಮೊಮ್ಮಗಳ ತಲೆ ಸವರಿದರು. ಆಮೇಲೆ ನನ್ನ ಕಡೆ ತಿರುಗಿ, "ಎಲ್ಲ ಸರಿ ಮಾರಾಯ್ತಿ, ಆಶ್ಲೇಷ ಮಳೇಲಿ ಹಣ್ಣಾದ ಕಾಫಿ ಎಲ್ಲಿ ನೋಡಿದೆ ನೀನು? ಈಗಿನ್ನೂ ಹಸಿರು ಕಾಯಿ. ನವೆಂಬರ್ ಬರಬೇಡವಾ?" ಎಂದರು. ಹೂವಿನ ವಿಷಯದಲ್ಲಿ ನನ್ನಿಂದ ಪಾಠ ಹೇಳಿಸಿಕೊಂಡಿದ್ದ ಮಗಳು ನಗು ತಡೆಯಲಾರದೆ ಹೊರಗೆ ಓಡಿದಳು.

ಕತ್ತರಿಸುವಾಗ ಅಪ್ಪ ರೆಂಬೆಗೆ ಚಾಕು ತಾಗದಂತೆ ಬಳಸಿ ಕೊಯ್ದರು. ಅಮ್ಮ ಅದನ್ನು ತಟ್ಟೆ ಸಮೇತ ಶೋಕೇಸಿನಲ್ಲಿ ಇಟ್ಟರು. ಮೂರು ದಿನ ಬಿಟ್ಟು ಅಮ್ಮನ ಫೋನ್ ಬಂತು. ಇರುವೆ ಇನ್ನೂ ಹತ್ತಿಲ್ಲವಂತೆ, ಆದರೆ ಹಣ್ಣು ಆರೇ ಉಳಿದಿವೆಯಂತೆ. ಏಳನೆಯದನ್ನು ಅಪ್ಪ ಬೆಳಗಿನ ಕಾಫಿಯ ಜೊತೆ ಬಾಯಿಗೆ ಹಾಕಿಕೊಂಡು, ಕಹಿ ಎಂದು ಅಂಗಳಕ್ಕೆ ಉಗಿದು ಬಂದಿದ್ದಾರೆ.